ಗುರಪ್ಪನ ಗಾಡಿ ನನ್ನ ಕೈಯಲ್ಲಿ

ಇಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಶಾಂತವ್ವ ಮತ್ತು ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದದ್ದೇ ತಡ, ಹೊಲಿಗೆ ಮಷಿನ್ ಎಣ್ಣೆಯ ಜೊತೆ ಸುಟ್ಟ ಮೋಟರಿನ ವಾಸನೆ ಮೂಗಿಗೆ ಬಡಿಯಿತು. ಜೀವನವಿಡೀ ಮಕ್ಕಳಿಗೆ ಕವಾಯತು ಮಾಡಿಸಿದ ಡ್ರಿಲ್ ಮಾಸ್ತರ ನಾನು. ಆಜ್ಞೆಯಿಲ್ಲದೆ ಕಾಲು ಕುಣಿದದ್ದು ಇದೇ ಮೊದಲು.

ತೊಂಬತ್ತರ ದಶಕದಲ್ಲಿ ನಮ್ಮ ಇಂಡಿ ಊರಿನಲ್ಲಿ ರಿಮೋಟ್ ಕಾರಿನ ಹುಚ್ಚು ಹಿಡಿದವರು ಇಬ್ಬರೇ: ನಾನು ಮತ್ತು ರೇಡಿಯೊ ರಿಪೇರಿಯ ಗುರಪ್ಪ. ಸೊಲ್ಲಾಪುರದ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದೇ ನಮೂನೆಯ ಎರಡು ಕಾರು ಸಿಕ್ಕಿದ್ದವು. ನಾವೇ ಜೋಡಿಸಿ ಕಟ್ಟುವಂಥವು, ಆಗಲೇ ಮುದಿಯಾದವು. ಎರೆಮಣ್ಣಿನಲ್ಲಿ ಜಾರದಂತೆ ನಾನು ಗಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಗುರಪ್ಪ ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿ ತನ್ನದನ್ನು ಮೊಲದಂತೆ ಜಿಗಿಸಿದ. ಆದರೆ ಮುರಿದರೆ ಬಿಡಿಭಾಗ ಎಲ್ಲೂ ಸಿಗದು. ಕೊನೆಗೆ ಕರಾರಾಯಿತು: ಶಾಲೆಯ ಮೈದಾನದಲ್ಲಿ ಒಂದೇ ಓಟ, ಸೋತ ಗಾಡಿಯನ್ನು ಬಿಚ್ಚಿ ಅದರ ಭಾಗಗಳನ್ನು ಗೆದ್ದವನಿಗೆ ಕೊಡುವುದು.

ಓಟದ ಮುಂಜಾನೆ ನನ್ನ ಶಿಸ್ತು ಸುಮ್ಮನಿರಲಿಲ್ಲ. ಗುರಪ್ಪನದನ್ನೂ ಇಸಿದುಕೊಂಡು ಎರಡೂ ರಿಮೋಟು ಒರೆಸಿದೆ. ಪ್ರತಿಯೊಂದರಲ್ಲೂ ಉಗುರಿನಷ್ಟು ಹರಳು. ಅದರ ಜೋಡಿ ಹರಳಿರುವ ಗಾಡಿ ಮಾತ್ರ ಆ ರಿಮೋಟಿನ ಮಾತು ಕೇಳುತ್ತದೆ. ನನ್ನದು ಕೆಂಪು, ಅವನದು ಹಳದಿ. ಕಿತ್ತು, ತಿಕ್ಕಿ, ಕರವಸ್ತ್ರದ ಮೇಲೆ ಸಾವಧಾನ ನಿಲ್ಲಿಸಿ, ಮತ್ತೆ ಹಾಕಿದೆ. ಅದಲುಬದಲಾಗಿ!

ಶಾಂತವ್ವ ಸೆರಗು ಬೀಸಿದಳು. ಇಬ್ಬರೂ ನೆಟ್ಟಗೆ ಬಿಟ್ಟದ್ದರಿಂದ ಅರ್ಧ ಮೈದಾನದವರೆಗೆ ಏನೂ ತಿಳಿಯಲಿಲ್ಲ. ಬೇವಿನ ಗಿಡದ ತಿರುವಿನಲ್ಲಿ ನಾನು ಮೊದಲು ಎಡಕ್ಕೆ ಎಳೆದೆ. ತಿರುಗಿದ್ದು ಗುರಪ್ಪನ ಗಾಡಿ.

“ಲೇ ಮಾಸ್ತರ, ನಿನ್ನ ಗಾಡಿ ನನ್ನ ಮಾತ ಕೇಳಾಕತ್ತೈತಿ!”

“ನಿಂದೂ ಅಷ್ಟ, ನನ್ನ ಕೈಯಾಗೈತಿ!”

ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಒಂದೇ ಕುತಂತ್ರ ಹೊಳೆಯಿತು. ಕೈಯಲ್ಲಿರುವುದು ವೈರಿಯ ಗಾಡಿ; ಅದು ಸೋಲಬೇಕು. ನಾನು ಅವನದನ್ನು ಹಿಂದಕ್ಕೆ ಬಿಟ್ಟೆ, ಅವನು ನನ್ನದನ್ನು. ಎರಡೂ ಗಾಡಿ ಹಿಮ್ಮುಖವಾಗಿ ಜಿದ್ದಿಗೆ ಬಿದ್ದು, ಹೊರಟ ಗೆರೆಯನ್ನೇ ದಾಟಿ, ಶಾಂತವ್ವನ ಕಾಲಬಳಿ ನುಗ್ಗಿದವು. ಅವಳು ಚಂಗನೆ ಕಟ್ಟೆ ಏರಿದಳು.

“ಸೋಲಾಕ ಇಷ್ಟ ಜೋರ ಓಡೋರನ್ನ ನಾ ಎಲ್ಲೂ ನೋಡಿಲ್ರಿ! ಯಾರ ಗಾಡೀನೂ ಬಿಚ್ಚೂದು ಬ್ಯಾಡ. ನಡೀರಿ, ಚುರಮರಿ ಸುಸಲಾ ಆರತೈತಿ.”

ಗುರಪ್ಪ ನೆಲಕ್ಕೆ ಕೂತು ನಕ್ಕ. ಶಾಲೆಯಲ್ಲಿ ಹಲ್ಲು ತೋರಿಸದ ನಾನು ಸೀಟಿ ಬಾಯಿಂದ ಬೀಳುವಷ್ಟು ನಕ್ಕೆ. ಹರಳಿನ ಸಂಗತಿ ಮಾತ್ರ ಬಾಯಿಬಿಡಲಿಲ್ಲ. ಸಂಜೆ ಗುಟ್ಟಾಗಿ ಸರಿಮಾಡಿಟ್ಟೆ.

ಈಗ ಅವನು ಮುದ್ದೇಬಿಹಾಳದಲ್ಲಿದ್ದಾನೆ, ಗಾಡಿ ಎರಡೂ ಅವನ ಬಳಿ. ರಿಮೋಟು ಎರಡೂ ಈ ಡಬ್ಬಿಯಲ್ಲಿವೆ. ನಿನ್ನೆ ಫೋನ್ ಮಾಡಿದ್ದ: “ನಾಳೆ ಹತ್ತಕ್ಕ ಗಾಡಿ ತಗೊಂಡ ಬರ್ತೇನಿ. ಹರಳು ನೀನ ಹಾಕಿಡು, ಅವತ್ತ ಹಾಕಿದ್ದಿಯಲ್ಲ, ಹಂಗ.”

ಇಷ್ಟು ವರ್ಷ ಗೊತ್ತಿತ್ತು, ಕಳ್ಳನಿಗೆ!

ಒಂಬತ್ತೂವರೆಗೆ ಇಂದಿನ ಕೆಲಸ ಮುಗಿಯಿತು: ರಿಮೋಟು ಒರೆಸಿ, ಹಳದಿ ಹರಳನ್ನು ನನ್ನದಕ್ಕೆ, ಕೆಂಪನ್ನು ಅವನದಕ್ಕೆ, ಎರಡೆರಡು ಸಲ ಪರೀಕ್ಷಿಸಿ, ತಪ್ಪಾಗಿ ಹಾಕಿದೆ.