ತಪ್ಪಿಸಿಕೊಂಡವನಿಗಾಗಿ ಪಾಯಸ

ಮಗಳು ಹನ್ನೊಂದನೇ ತರಗತಿ ಸೇರಿದ ವರ್ಷವೇ ನಾನೂ ಅಂಚೆ ಮೂಲಕ ಬಿ.ಎ. ಇಂಗ್ಲಿಷ್ ಕಟ್ಟಿದೆ. ಮದುವೆಯಾಗಿ ಸೇಲಂನ ಈ ಮಗ್ಗದ ಮನೆಗೆ ಬಂದಾಗ ನಿಂತುಹೋಗಿದ್ದ ಓದು ಅದು. ಪಠ್ಯದಲ್ಲಿ, ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದವನೊಬ್ಬ ತಾನೇ ಬರೆದುಕೊಂಡ ತನ್ನ ಬದುಕಿನ ಕಥೆಯಿತ್ತು. ಹಳೇ ಕಾಲದ ಇಂಗ್ಲಿಷ್. ಪ್ರತಿ ಸಾಲಿನಲ್ಲೂ ಗೊತ್ತಿಲ್ಲದ ಪದ ಅಡ್ಡ ಬರುತ್ತಿತ್ತು.

ಮಧ್ಯಾಹ್ನ ಅಡುಗೆ ಮುಗಿಸಿ ಅತ್ತೆಯ ಪಕ್ಕ ಕೂತು ಓದುತ್ತಿದ್ದೆ. ಅವರು ರಾಟೆ ತಿರುಗಿಸುತ್ತಾ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು. ಒಳಗೆ ನನ್ನ ಗಂಡನ ಮಗ್ಗದ ಸದ್ದು. ಗಟ್ಟಿಯಾಗಿ ಓದಿದರೆ ಪದಗಳು ನೆನಪಿರುತ್ತವೆ ಎಂದು ಮಗಳು ಹೇಳಿದ್ದಳು. ಒಂದೆರಡು ದಿನ ಕೇಳಿಸಿಕೊಂಡ ಅತ್ತೆ, ಇದೇನು ಮಂತ್ರ ಎಂದರು. ಆಮೇಲೆ ಒಂದೊಂದೇ ವಾಕ್ಯ ಓದಿ ನಮ್ಮ ಮನೆಮಾತಾದ ಕನ್ನಡದಲ್ಲಿ ಹೇಳತೊಡಗಿದೆ. ಅಲ್ಲಿಗೆ ಆ ಪುಸ್ತಕ ನನ್ನೊಬ್ಬಳದಾಗಿ ಉಳಿಯಲಿಲ್ಲ.

ನನ್ನ ಫೋನಿನ ನಿಘಂಟು ತಮಿಳಿನಲ್ಲಿ ಅರ್ಥ ಕೊಡುತ್ತಿತ್ತು. ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಅತ್ತೆಯ ತಾಳ್ಮೆ ಮುಗಿದಿರುತ್ತಿತ್ತು. ‘ಫ್ಯುಜಿಟಿವ್’, ಅಂದರೆ ತಪ್ಪಿಸಿಕೊಂಡು ಓಡಿದವನು, ಎಂಬಲ್ಲಿ ನಾನು ಅರ್ಥ ಹುಡುಕುತ್ತಾ ನಿಂತಾಗ ಅವರು ಸುಮ್ಮನಿರಲಿಲ್ಲ.

“ಮೊದ್ಲು ಅವ್ನು ಸಿಕ್ಕಾಕ್ಕೊಂಡ್ನಾ ಇಲ್ವಾ ಏಳು. ನಿನ್ ಪದ ಎಲ್ಲೂ ಓಗಲ್ಲ.”

‘ಆಕ್ಷನ್’ ಬಂದ ದಿನ ನಿಘಂಟು ಬೇಕಾಗಲಿಲ್ಲ. ಏಲ, ಹರಾಜು ಎಂದೆ. ಅತ್ತೆ ಧರ್ಮಪುರಿ ಕಡೆಯ ರೇಷ್ಮೆಹುಳು ಸಾಕುವ ಮನೆಯವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಗೂಡು ಮಾರಲು ಹೋಗಿ ಏಲ ನೋಡಿದ್ದರು. ಇಲ್ಲಿ ಏನನ್ನು ಏಲ ಹಾಕುತ್ತಾರೆ ಎಂದು ಕೇಳಿದರು. ಇವನ ಜೊತೆಯವರನ್ನೇ, ತಾಯಿ ಒಬ್ಬನ ಪಾಲು, ಮಕ್ಕಳು ಇನ್ನೊಬ್ಬನ ಪಾಲು ಎಂದೆ. ರಾಟೆ ನಿಂತಿತು.

“ಮನುಸ್ರನ್ನಾ?”

ಹೌದು ಎಂದೆ. ಆ ಮಧ್ಯಾಹ್ನ ಮುಂದೆ ಓದಲಾಗಲಿಲ್ಲ. ಸಂಜೆ ಮಗಳು ನನಗೆ ಪದಗಳ ಪರೀಕ್ಷೆ ಮಾಡುವಾಗ ಆ ಒಂದು ಪದಕ್ಕೆ ಅತ್ತೆಯೇ ಒಲೆಯ ಮುಂದಿನಿಂದ ಅರ್ಥ ಹೇಳಿದರು.

ಹೀಗೆ ಪದಗಳು ಅವರ ಬಾಯಿಗೂ ಹತ್ತಿದವು. ‘ಅಬಾಲಿಷ್’ ಅಂದರೆ ಇನ್ನು ಮುಂದೆ ಇರಲೇಬಾರದು ಎಂದು ತೆಗೆದುಹಾಕುವುದು ಎಂದು ತಿಳಿದ ಮೇಲೆ ಅದೇ ಅವರ ಅಚ್ಚುಮೆಚ್ಚು. ಒಂದು ಬೆಳಿಗ್ಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು:

“ಸೋಮವಾರದ ಉಪ್ಪಿಟ್ಟು ಇವತ್ತಿಂದ ಅಬಾಲಿಷ್.”

ಮಗಳು ನಕ್ಕು ನಕ್ಕು ಸ್ಕೂಲ್ ಬಸ್ ತಪ್ಪಿಸಿಕೊಂಡಳು. ಮನೆಯಲ್ಲೂ ತಮಿಳೇ ಆಡುತ್ತಿದ್ದವಳು ಅಜ್ಜಿಯ ಜೊತೆ ಈ ಆಟಕ್ಕೆಂದೇ ಕನ್ನಡಕ್ಕೆ ಬಂದಳು. ಅವಳು ಇಂಗ್ಲಿಷ್ ಪದ ಎಸೆದರೆ ಅಜ್ಜಿ ಅರ್ಥ ಎಸೆಯುತ್ತಿದ್ದರು. ನಡುವೆ ಕೂತು ನಾನು ಕಲಿಯುತ್ತಿದ್ದೆ.

ಕಥೆಯವನು ಕೊನೆಗೂ ತಪ್ಪಿಸಿಕೊಂಡು, ಯಾರ ಹಿಡಿತಕ್ಕೂ ಸಿಗದ ಊರು ಮುಟ್ಟಿದ. ಅಷ್ಟು ಹೇಳಿ ತಲೆಯೆತ್ತಿದರೆ ಅತ್ತೆ ಜಾಗದಲ್ಲಿಲ್ಲ. ಅಡುಗೆಮನೆಯಿಂದ ತುಪ್ಪದಲ್ಲಿ ಗೋಡಂಬಿ ಹುರಿಯುವ ವಾಸನೆ ಬಂತು. ಸೇಮಿಗೆ ಪಾಯಸ ಮಾಡಿ ಪಕ್ಕದ ಮನೆಗೂ ಒಂದು ಲೋಟ ಕೊಟ್ಟರು. ಏನು ವಿಶೇಷ ಎಂದು ಆ ಮನೆಯಾಕೆ ಕೇಳಿದರು.

“ನಮ್ಮೋನೊಬ್ಬ ತಪ್ಪಿಸ್ಕೊಂಡು ಒಳ್ಳೆ ಕಡೆ ಸೇರ್ಬುಟ್ಟ,” ಎಂದರು ಅತ್ತೆ.

ಆಕೆ ಪಾಯಸ ಕುಡಿದು, ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಹರಸಿದರು. ಆಕೆ ಅವನನ್ನು ನಮ್ಮ ನೆಂಟನೆಂದೇ ತಿಳಿದಿರಬೇಕು. ನಾವು ಬಿಡಿಸಿ ಹೇಳಲಿಲ್ಲ.

ಪರೀಕ್ಷೆ ಚೆನ್ನಾಗಿಯೇ ಆಯಿತು, ಪಾಸಾದೆ. ಮುಂದಿನ ಪುಸ್ತಕ ಬಂದ ದಿನ ಅತ್ತೆ ಬೇಗ ಊಟ ಮುಗಿಸಿ ರಾಟೆಯ ಮುಂದೆ ಕೂತು ಕಾದರು. ಅದು ವ್ಯಾಕರಣದ ಪುಸ್ತಕ. ಎರಡು ಪುಟ ಕೇಳಿ ಸಾಕೆಂದು ಕೈ ಬೀಸಿದರು.

“ಇದ್ರಲ್ಲಿ ಯಾರೂ ಇಲ್ವಲ್ಲೇ. ನೀನೊಬ್ಳೇ ಓದ್ಕೋ.”