ರೊಟ್ಟಿ ಬಡಿಯದ ಅರ್ಧ ಗಂಟೆ

ಹಳೆಯ ವಾಲ್ವ್ ರೇಡಿಯೋ ಬಿಸಿಯಾಗುವಾಗ ಒಂದು ವಾಸನೆ ಬರುತ್ತದೆ. ಸುಟ್ಟ ಧೂಳು, ಕರಗುವ ಮೇಣ, ಹಳೆಯ ಮರ ಎಲ್ಲ ಸೇರಿದ ವಾಸನೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದಿದ್ದರೆ ನಾನು ಹೇಳುವುದೇ ಬೇಡ, ನಿಮ್ಮ ಮೂಗಿಗೆ ಈಗಾಗಲೇ ಬಡಿದಿರುತ್ತದೆ. ಹೋದ ತಿಂಗಳು ಗುಜರಿ ಅಂಗಡಿಯಿಂದ ಒಂದು ರೇಡಿಯೋ ತಂದೆ. ರಿಪೇರಿ ನನಗೆ ಯಾರೂ ಕಲಿಸಿದ್ದಲ್ಲ, ವೀಡಿಯೊ ನೋಡಿ, ಶಾಕ್ ಹೊಡೆಸಿಕೊಂಡು ಕಲಿತದ್ದು. ಎಪ್ಪತ್ತರ ದಶಕದ ಮೊದಲ ವರ್ಷಗಳ ಪಾಪ್ ಹಾಡುಗಳ ಹುಚ್ಚು ಹಿಡಿದ ಮೇಲೆ ಅವನ್ನು ಆಗಿನ ಡಬ್ಬಿಯಲ್ಲೇ ಕೇಳಬೇಕು ಅಂತ ಹಟ. ಸ್ವಿಚ್ ಹಾಕಿದೆ. ಸದ್ದು ಬರುವ ಮೊದಲು ವಾಸನೆ ಬಂತು. ಹಾಗೇ ಕಣ್ಣು ಮುಚ್ಚಿ ಕೂತುಬಿಟ್ಟೆ. ಸರಸ್ವತಿ ನಗರದ ಅಜ್ಜನ ಮನೆ, ಭಾನುವಾರದ ಬೆಳಗು, ಪಡಸಾಲೆಯ ತಣ್ಣನೆಯ ಕೆಂಪು ನೆಲ, ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆ, ಅದರ ಸುತ್ತ ಜಗಳವಾಡುವ ಮೂವರು ಮುದುಕರು.

ಆ ಮನೆ ಈಗಿಲ್ಲ. ಅದೇ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಜಿಮ್ಮು. ಆ ಮೂವರೂ ಇಲ್ಲ. ಒಬ್ಬರು ನನ್ನ ಅಜ್ಜ, ಅಮ್ಮನ ಅಪ್ಪ. ಇನ್ನೊಬ್ಬರು ಇಮಾಮಜ್ಜ, ಹರಿಹರದ ಕಾರ್ಖಾನೆಯಲ್ಲಿ ಅಜ್ಜನ ಜೊತೆ ಕೆಲಸ ಮಾಡಿದವರು. ಮೂರನೆಯವರು ಬಟ್ಟೆ ಅಂಗಡಿಯ ಬಸಣ್ಣಜ್ಜ. ಹರೆಯದಲ್ಲಿ ಮೂವರೂ ಹರಿಹರದ ಒಂದೇ ವಠಾರದಲ್ಲಿದ್ದರಂತೆ. ಅಜ್ಜನಿಗೆ ಆಗ ತಾನೇ ಮದುವೆಯಾಗಿತ್ತು, ವಠಾರಕ್ಕೆಲ್ಲ ಅವರದೊಂದೇ ರೇಡಿಯೋ. ಸಂಜೆ ಕಟ್ಟೆಯ ಮೇಲೆ ಕೂತು ಶಾರ್ಟ್‌ವೇವ್‌ನಲ್ಲಿ ಅರ್ಧ ಗಂಟೆ ಇಂಗ್ಲಿಷ್ ಹಾಡು ಕೇಳುವುದು ಅವರ ದೊಡ್ಡಸ್ತಿಕೆ. ಹಾಡಿನ ಹೆಸರು, ಹಾಡಿದವರ ಹೆಸರು ಒಂದೂ ತಿಳಿಯುತ್ತಿರಲಿಲ್ಲವಾದ್ದರಿಂದ ತಾವೇ ಹೆಸರಿಟ್ಟುಕೊಂಡಿದ್ದರು. ಕೆಮ್ಮುವ ಹಾಡು, ಗಂಟೆ ಹಾಡು, ಸಿಳ್ಳೆ ಹಾಡು. ನನಗೆ ಇವತ್ತಿಗೂ ಆ ಹಾಡುಗಳ ನಿಜವಾದ ಹೆಸರಿಗಿಂತ ಇವೇ ಮೊದಲು ಬಾಯಿಗೆ ಬರುತ್ತವೆ.

ನಾನು ನೋಡುವ ಹೊತ್ತಿಗೆ ಆ ಸ್ಟೇಷನ್ ಸಿಗುತ್ತಿರಲಿಲ್ಲ, ರೇಡಿಯೋದಲ್ಲಿ ಬರುತ್ತಿದ್ದುದು ಹೆಚ್ಚಾಗಿ ಬರೀ ಗೊರಗೊರ. ಆದರೂ ಪ್ರತಿ ಭಾನುವಾರ ಅದನ್ನು ಹಚ್ಚಿಯೇ ಕೂರುತ್ತಿದ್ದರು, ದೀಪ ಹಚ್ಚಿದ ಹಾಗೆ. ಆಮೇಲೆ ಸರದಿ. ಒಬ್ಬರು ಒಂದು ಹಾಡು ನೆನಪಿಸಿಕೊಂಡು ಗುನುಗಬೇಕು. ಉಳಿದಿಬ್ಬರು ಮೂರು ಪ್ರಶ್ನೆ ಕೇಳುತ್ತಾರೆ: ಎಲ್ಲಿ ಕೇಳಿದ್ದು, ಯಾರ ರೇಡಿಯೋದಲ್ಲಿ, ಪಕ್ಕದಲ್ಲಿ ಯಾರಿದ್ದರು. ಉತ್ತರ ನಂಬಿಕೆಯಾಗದಿದ್ದರೆ ಗಂಟಲಲ್ಲಿ ಗೊರ್ರ್ ಅಂತ ಸದ್ದು ಮಾಡುತ್ತಾರೆ, ಸ್ಟೇಷನ್ ತಪ್ಪಿದ ರೇಡಿಯೋ ಥರ. ಅಲ್ಲಿಗೆ ಆ ನೆನಪು ಸುಳ್ಳು. ಸ್ನೇಹಿತರು ಅಂತ ಯಾರೂ ಯಾರನ್ನೂ ಬಿಡುತ್ತಿರಲಿಲ್ಲ. ಬಸಣ್ಣಜ್ಜ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಇಮಾಮಜ್ಜ ಅವತ್ತು ಇವರು ಊರಲ್ಲೇ ಇರಲಿಲ್ಲ ಅಂತ ಶುರು ಮಾಡುತ್ತಿದ್ದರು. ಹಾಡಿನ ಮೇಲೆ ಪ್ರೀತಿಗಿಂತ ಒಬ್ಬರ ಮೇಲೊಬ್ಬರಿಗೆ ಅನುಮಾನವೇ ಹೆಚ್ಚಿತ್ತೇನೋ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಅಜ್ಜಿ ಗೌರಮ್ಮ ಮಾತ್ರ ಮಂಡಕ್ಕಿ ಇಟ್ಟು, ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು.

ಒಂದು ಭಾನುವಾರ ಸಿಳ್ಳೆ ಹಾಡಿನ ಸರದಿ ಬಂತು. ಶುರುವಿನ ಸಿಳ್ಳೆ ಮೂವರಿಗೂ ಗೊತ್ತು, ಕೊನೆಯೂ ಗೊತ್ತು. ನಡುವೆ ಮಾತಿಲ್ಲದ ಒಂದು ರಾಗ ಇತ್ತು, ಅದು ಯಾರಿಗೂ ಬರುತ್ತಿಲ್ಲ. ಮೂವರೂ ಮೂರು ಥರ ಎಳೆದರು, ಒಬ್ಬರಿಗೊಬ್ಬರು ಗೊರ್ರ್ ಅಂದರು. ಆಗ ಅಡುಗೆ ಮನೆಯಿಂದ ಯಾರೋ ಗುನುಗಿದ್ದು ಕೇಳಿಸಿತು. ಸಣ್ಣ ದನಿ, ಒಂದು ಕಡೆಯೂ ತಡವರಿಸದೆ, ಮೆಟ್ಟಿಲು ಇಳಿದ ಹಾಗೆ ಇಳಿದು ಕೊನೆಯ ಸಾಲಿಗೆ ಬಂದು ನಿಂತಿತು. ಮಲೆಬೆನ್ನೂರಿನ ಗದ್ದೆ ಮನೆತನದ ನನ್ನ ಅಜ್ಜಿ, ಇಂಗ್ಲಿಷಿನ ಒಂದಕ್ಷರ ಬರದವರು, ಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ನಿಂತಿದ್ದರು.

ಅಜ್ಜನೇ ಕೇಳಿದರು. "ನೀ ಎಲ್ಲಿ ಕೇಳಿದ್ದೆ ಇದನ್ನ?"

ಅಜ್ಜಿ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ನೀವೇ ನೆನಪು ಮಾಡ್ಕಳ್ರಿ" ಅಂದು ಒಳಗೆ ಹೋದರು.

ಬಸಣ್ಣಜ್ಜನ ಬಾಯಿ ಸುಮ್ಮನಿರಲಿಲ್ಲ. "ಮಲೆಬೆನ್ನೂರಾಗೆ ಆಗ ರೇಡಿಯೋ ಇದ್ದಿದ್ದು ಅಕ್ಕಿ ಗಿರಣಿಯೋರ ಮನೇಲಿ ಅಲ್ವೇನೋ?" ಅಂತ ನಗುತ್ತಲೇ ಅಂದರು. ಅಜ್ಜ ನಗಲಿಲ್ಲ. ಗಿರಣಿಯವರ ತಂಗಿಯ ಮಗ, ಮೈಸೂರಿನಲ್ಲಿ ಓದುತ್ತಿದ್ದವನು, ಅಜ್ಜಿಯನ್ನು ನೋಡಲು ಬಂದು ಹೋಗಿದ್ದ. ಆ ಸಂಬಂಧ ತಪ್ಪಿದ ಮೇಲೆ ಅಜ್ಜನಿಗೆ ಕೊಟ್ಟಿದ್ದು. ಇದನ್ನೆಲ್ಲ ಅಮ್ಮ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದಳು. ಅವತ್ತು ನನಗೆ ಕಂಡದ್ದು ಅಜ್ಜ ಚಹಾ ಕುಡಿಯದೆ ಲೋಟ ಕೆಳಗಿಟ್ಟದ್ದು ಅಷ್ಟೇ.

ಆಮೇಲೆ ಆ ಮನೆಯ ಗಾಳಿಯೇ ಬೇರೆಯಾಯಿತು. ಅಜ್ಜ ಊಟಕ್ಕೆ ಕೂತರೆ ತಟ್ಟೆ ನೋಡುತ್ತಿರಲಿಲ್ಲ, ಬಡಿಸುವ ಕೈ ನೋಡುತ್ತಿದ್ದರು. ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಏನಾದರೂ ಗುನುಗಿಕೊಂಡಾರೇನೋ ಅಂತ ಕಿಟಕಿಯ ಹಿಂದೆ ನಿಂತಿರುತ್ತಿದ್ದರು. ಅಜ್ಜಿ ಗುನುಗುವುದನ್ನೇ ಬಿಟ್ಟರು. ಅಜ್ಜನ ಲೆಕ್ಕ ಸರಳ: ಆ ನಡುವಿನ ರಾಗ ತಮ್ಮ ಮೂವರಿಗೂ ಗೊತ್ತಿಲ್ಲ ಅಂದರೆ ತಮ್ಮ ರೇಡಿಯೋದಲ್ಲಿ ಅದು ಬಂದೇ ಇಲ್ಲ. ಬಂದಿಲ್ಲ ಅಂದರೆ ಅವಳು ಕೇಳಿದ್ದು ಬೇರೆ ಯಾರದೋ ಮನೆಯಲ್ಲಿ, ಬೇರೆ ಯಾರದೋ ಪಕ್ಕದಲ್ಲಿ. ಇಮಾಮಜ್ಜ ಬಿಡಯ್ಯಾ ಅಂತ ಸಮಾಧಾನ ಹೇಳಿ ನೋಡಿದರು, ಕೇಳಲಿಲ್ಲ.

ಕೊನೆಗೆ ಅಕ್ಕಿ ತರುವ ನೆಪ ಹೇಳಿ ನನ್ನನ್ನೂ ಕರೆದುಕೊಂಡು ಮಲೆಬೆನ್ನೂರಿನ ಬಸ್ಸು ಹತ್ತಿದರು. ಗಿರಣಿಯಲ್ಲಿ ಹಳೆಯ ಗುಮಾಸ್ತರೊಬ್ಬರು ತೌಡಿನ ಧೂಳಲ್ಲಿ ಕೂತಿದ್ದರು. ಅಜ್ಜ ಭತ್ತದ ರೇಟು, ಕಾಲುವೆ ನೀರು ಅಂತ ಸುತ್ತಿ ಬಳಸಿ ರೇಡಿಯೋ ವಿಷಯಕ್ಕೆ ಬಂದರು. ಅದು ಧಣಿಗಳ ಕೋಣೆಯ ಗಾಜಿನ ಬೀರುವಿನಲ್ಲಿತ್ತು, ವಾರ್ತೆ ಮುಗಿದರೆ ಬೀಗ, ಹೆಣ್ಣುಮಕ್ಕಳು ಹೊಸಿಲು ತುಳಿಯುವ ಹಾಗಿರಲಿಲ್ಲ ಅಂತ ಗುಮಾಸ್ತರು ಹೇಳಿದರು. ಅಜ್ಜಿ ಅಲ್ಲಿ ಕೇಳಿಲ್ಲ ಅಂತಾಯಿತಲ್ಲ, ನನಗೆ ಹಗುರಾಯಿತು. ಅಜ್ಜನಿಗೆ ಆಗಲಿಲ್ಲ. ವಾಪಸ್ಸು ಬರುವಾಗ ಅಕ್ಕಿ ಚೀಲ ಕಾಲ ಸಂದಿಯಲ್ಲಿಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತಾ, "ಹಂಗಾದ್ರೆ ಇನ್ಯಾರ ಮನೆ?" ಅಂದರು. ನನಗೆ ಹೇಳಿದ್ದಲ್ಲ ಅದು.

ಹೆಂಡತಿಯ ತವರೂರಿಗೆ ಹೋಗಿ ತವರುಮನೆಗೆ ಕಾಲಿಡದೆ ಬಂದರೆ ನಮ್ಮ ಕಡೆ ಅದು ಮುಚ್ಚಿಡುವ ಮಾತಲ್ಲ. ಸಂಜೆಯೇ ಅಜ್ಜಿಯ ತಮ್ಮನ ಫೋನ್ ಬಂತು. ಭಾವ ಗಿರಣಿಗೆ ಬಂದಿದ್ದರಂತೆ, ರೇಡಿಯೋ ವಿಚಾರಿಸಿದರಂತೆ, ನಮ್ಮಿಂದ ಏನಾದರೂ ತಪ್ಪಾಯಿತಾ? ಅಜ್ಜಿ ಏನೂ ಇಲ್ಲಪ್ಪ ಅಂದು ಫೋನ್ ಇಟ್ಟರು. ಅಜ್ಜನನ್ನು ಒಂದು ಮಾತೂ ಕೇಳಲಿಲ್ಲ.

ಆ ಭಾನುವಾರ ಗೆಳೆಯರಿಬ್ಬರೂ ಬಂದಾಗ ಅಜ್ಜ ರೇಡಿಯೋ ಹಚ್ಚಲಿಲ್ಲ. ಇನ್ನು ಮೇಲೆ ಕೂಟ ಬ್ಯಾಡ ಅಂತ ಹೇಳುತ್ತಿದ್ದ ಹಾಗೇ ಅಜ್ಜಿ ಒಳಗಿನಿಂದ ಬಂದರು. ಸೆರಗಿಗೆ ಕೈ ಒರೆಸಿಕೊಂಡು, ಮಣೆ ಎಳೆದುಕೊಂಡು, ಅವರ ಮಧ್ಯೆಯೇ ಕೂತರು. ಮೂವತ್ತು ಚಿಲ್ಲರೆ ವರ್ಷದಲ್ಲಿ ಮೊದಲ ಸಲ.

"ಇವತ್ತು ನನ್ ಸರದಿ" ಅಂದರು. "ಎಲ್ಲಿ ಕೇಳಿದ್ದು ಅಂದ್ರೆ, ಹರಿಹರದ ಮನೆ ಅಡಿಗೆ ಕೋಣೇಲಿ. ಯಾರ ರೇಡಿಯೋ ಅಂದ್ರೆ, ನಿಮ್ದೇ. ನಿಮ್ ಹಾಡು ಶುರುವಾದ್ರೆ, ಗೌರಿ, ರೊಟ್ಟಿ ಬಡಿಬ್ಯಾಡ, ಕೇಳ್ಸಲ್ಲ ಅಂತಿದ್ರಿ. ಕೈಯಾಗೆ ಹಿಟ್ಟು ಹಿಡ್ಕಂಡು ಸುಮ್ನೆ ಕುಂತಿರ್ತಿದ್ದೆ. ಹಿಟ್ಟು ಒಣಗಿ ಬೆರಳು ಬಿಗಿಯೋದು. ನೀವು ಮೂವರೂ ಸಿಳ್ಳೆ ಮುಗಿದಿದ್ದೇ ಇದು ಯಾವ ದೇಶದ್ದು ಅಂತ ಜಗಳ ತೆಗೀತಿದ್ರಿ, ಕೊನೇ ಸಾಲು ಬರೋ ತನಕ. ನಾ ಪೂರ್ತಿ ಕೇಳ್ತಿದ್ದೆ. ನಂಗೆ ಬೇರೆ ಏನು ಕೆಲ್ಸ ಇತ್ತು?"

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದಕ್ಕೂ ಅವರೇ ಉತ್ತರ ಕೊಟ್ಟರು.

"ಪಕ್ಕದಾಗೆ ಯಾರೂ ಇರ್ಲಿಲ್ಲ."

ಯಾರ ಗಂಟಲಲ್ಲೂ ಗೊರ್ರ್ ಹುಟ್ಟಲಿಲ್ಲ. ಇಮಾಮಜ್ಜ ಹೌದಮ್ಮಾ, ಜಗಳ ಆಡ್ತಿದ್ವಿ ಅಂತ ನೆಲ ನೋಡುತ್ತಾ ಅಂದರು. ಅಜ್ಜ ತಮ್ಮ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಆಮೇಲೆ ಎದ್ದು ರೇಡಿಯೋ ಹಚ್ಚಿ, ಮುಂದಿನ ವಾರದಿಂದ ನೀನೂ ಇಲ್ಲೇ ಕೂಡು ಅಂದರು. ಅಜ್ಜಿ ಹೂಂ ಅಂದರು. ಆದರೆ ಯಾವತ್ತೂ ಬಂದು ಕೂರಲಿಲ್ಲ. ಕೂಟ ಇನ್ನೂ ಕೆಲವು ವರ್ಷ ನಡೆಯಿತು. ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿದಾಗ ಅಜ್ಜ ಇಮಾಮ, ಬಸಣ್ಣ ಅಂದು, ತಡೆದು, ಒಳಗೆ ಗೌರಿ ಅನ್ನುವುದು ರೂಢಿಯಾಯಿತು. ಅಜ್ಜಿ ಹೋದ ಮೇಲೆ, ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಬಂದ ಮೇಲೆ, ಕೇಳುವವರು ಯಾರೂ ಇಲ್ಲದಾಗಲೂ ಹಾಗೇ ಹೇಳಿಕೊಳ್ಳುತ್ತಿದ್ದರು. ಅಜ್ಜಿಗೆ ಅದು ಸಾಕಾಗಿತ್ತೇ ಅನ್ನುವ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ.

ಈಗ ನಾನು ಇಂಟರ್ನೆಟ್ ರೇಡಿಯೋ ಕೇಳುಗರ ಒಂದು ಗುಂಪಿನಲ್ಲಿದ್ದೇನೆ. ಆ ಕಾಲದ ಪಾಪ್ ಹಾಡು ಹಾಕುತ್ತಾರೆ, ಹಿರಿಯರು ನೆನಪು ಬರೆಯುತ್ತಾರೆ, ಯಾವ ತಂಡ ದೊಡ್ಡದು ಅಂತ ಕಿತ್ತಾಡುತ್ತಾರೆ. ಎಲ್ಲ ಓದುತ್ತೇನೆ, ಖುಷಿಯಾಗುತ್ತದೆ. ಆದರೆ ಯಾರಾದರೂ "ಮನೆಮಂದಿಯೆಲ್ಲ ಕೂತು ಕೇಳುತ್ತಿದ್ದೆವು" ಅಂತ ಬರೆದರೆ ಆ "ಎಲ್ಲ"ದ ಮೇಲೆ ನನ್ನ ಕಣ್ಣು ನಿಲ್ಲುತ್ತದೆ. ಒಳಗೆ ಯಾರಿದ್ದರು ಅಂತ ಕೇಳಿಬಿಡುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಹಾಡಿನ ಮಾತಿನಲ್ಲಿ ಇದೆಲ್ಲ ಯಾಕಮ್ಮಾ ಅನ್ನುತ್ತಾರೆ. ಹರಿಹರದ ಕಡೆಯ ಹಿರಿಯರೊಬ್ಬರು ತಮ್ಮ ಮನೆಯ ರೇಡಿಯೋ ಬಗ್ಗೆ ಉದ್ದಕ್ಕೆ, ಚೆಂದವಾಗಿ ಬರೆದಿದ್ದರು. ಅವರನ್ನೂ ಕೇಳಿದೆ. ಬಹಳ ದಿನ ಉತ್ತರ ಬರಲಿಲ್ಲ, ಬೇಜಾರಾಗಿರಬೇಕು ಅಂದುಕೊಂಡೆ. ಮೊನ್ನೆ ಬರೆದರು, ಒಂದೇ ಸಾಲು.

"ಅವ್ವ ಇದ್ಲು ಕಣಮ್ಮ. ಅವಳಿಗೆ ಯಾವ ಹಾಡು ಇಷ್ಟ ಅಂತ ನಾವು ಕೇಳ್ಲೇ ಇಲ್ಲ."