ಬಿಚ್ಚದೆಯೇ ಕಾಯಿಲೆ ಹೇಳುವ ಪಾನಾ ಅಕ್ಕ

ಬೆಳಗಿನ ಎಂಟೂಮುಕ್ಕಾಲು. ಗ್ಯಾರೇಜ್ ಶೆಡ್ಡಿನ ತಗಡು ಬಾಗಿಲು ಅರ್ಧ ಎತ್ತಿದೆ. ನಲವತ್ತೆಂಟು ವರ್ಷ ವಯಸ್ಸಿನ ನೀಲಿ ಕಾರಿನ ಕೆಳಗಿಂದ ಎರಡು ಪಾದ ಹೊರಗೆ ಕಾಣುತ್ತಿವೆ, ಜೊತೆಗೇ ಒಂದು ಗದರಿಕೆ: "ಯಾರೂ ಕೀ ಮುಟ್ಬೇಡಿ! ಈಗ ಸ್ಟಾರ್ಟ್ ಮಾಡಿದ್ರೋ, ರಾತ್ರಿಯೆಲ್ಲ ಕಾದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ!"

ಗದರಿದವರು ಪಾನಾ ಅಕ್ಕ. ವಯಸ್ಸು ಐವತ್ತನಾಲ್ಕು, ಹಳೇ ಕಾರುಗಳ ಮೆಕ್ಯಾನಿಕ್. ಕೈಯಲ್ಲಿ ಸದಾ ಬೋಲ್ಟ್ ತಿರುಗಿಸುವ ಪಾನಾ ಇರುವುದರಿಂದ ಆ ಹೆಸರು. ಮೊಮ್ಮಗಳೂ ಹಾಗೇ ಕರೆಯುತ್ತಾಳಂತೆ.

ಕಾರು ನಿವೃತ್ತ ನರ್ಸಮ್ಮನದು. ಮೂವತ್ತು ವರ್ಷ ಇದರಲ್ಲೇ ಹೆರಿಗೆ ಮನೆಗಳಿಗೆ ಓಡಾಡಿದವರು, ಈಗ ಬಾಗಿಲ ಬಳಿ ನಿಂತಿದ್ದಾರೆ. ಕಳೆದ ವಾರ ಎಂಜಿನ್ನಿಗೆ ಎಣ್ಣೆ ಹಾಕುವ ಮುಚ್ಚಳ ತೆರೆದರೆ ಒಳಗೆಲ್ಲ ಹಾಲಿನ ಕೆನೆಯಂಥ ಬಿಳಿ ಜಿಡ್ಡು! ಬೇರೊಂದು ಗ್ಯಾರೇಜಿನವರು ನೋಡಿದ ಕೂಡಲೇ ಕೈಚೆಲ್ಲಿದರು. ರೇಡಿಯೇಟರ್ ನೀರು ಎಣ್ಣೆಗೆ ನುಗ್ಗಿದೆ, ಎಂಜಿನ್ ಬಿರುಕು ಬಿಟ್ಟಿದೆ, ಗುಜರಿಗೆ ಹಾಕಿ ಅಂದರು. ಕೊನೆಯ ಪ್ರಯತ್ನ ಅಂತ ನರ್ಸಮ್ಮ ನಿನ್ನೆ ಸಂಜೆ ಕಾರನ್ನು ಎಳೆಸಿಕೊಂಡು ಇಲ್ಲಿಗೆ ತಂದರು. ಗುಜರಿಯವನು ಇವತ್ತು ಹನ್ನೊಂದಕ್ಕೆ ಬರುತ್ತಾನೆ. ಅಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ ಕಾರಿನ ಗಂಧಗಾಳಿ ಗೊತ್ತಿಲ್ಲ, ಆದರೂ ಗಡಿಯಾರ ನೋಡುತ್ತಲೇ ಇದ್ದೇನೆ.

"ರಾತ್ರಿ ನಿಂತ ಕಾರಲ್ಲಿ ನೀರು ತಳಕ್ಕಿಳಿಯುತ್ತೆ, ಎಣ್ಣೆ ಮೇಲಿರುತ್ತೆ. ಕೆಳಗಿನ ಬೋಲ್ಟ್ ಒಂಚೂರು ಸಡಿಲ ಮಾಡಿದ್ರೆ ಮೊದಲು ಬರೋದೇ ನೀರು" ಎನ್ನುತ್ತಾ ಅಕ್ಕ ಗಾಜಿನ ಬಾಟಲಿ ಹಿಡಿಯುತ್ತಾರೆ. ಮೊದಲ ಹನಿ ಕಪ್ಪು. ಎರಡನೆಯದೂ ಕಪ್ಪು.

"ನೀರಿಲ್ಲ!" ಎಂದು ನಾನೇ ಕೂಗಿಬಿಡುತ್ತೇನೆ.

"ಸುಮ್ನಿರಿ ಸಾರ್, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡಿ."

ಅಪ್ಪನ ಗ್ಯಾರೇಜಿನಲ್ಲಿ ಕಲಿತ ಕೆಲಸ, ಮೂವತ್ತೊಂದು ವರ್ಷವಾಯಿತು. ದಿನಕ್ಕೆ ಮೂರು ಕಾರು ನೋಡುತ್ತಾರೆ. ವರ್ಷಕ್ಕೆ ಇಪ್ಪತ್ತಾದರೂ ಈ 'ಹಾಲಿನ ಕೇಸು'. ಇಂದಿಗೂ ಕೆಲವರು ಅವರ ಮುಖ ನೋಡಿಯೇ "ಮೆಕ್ಯಾನಿಕ್ ಎಲ್ಲಮ್ಮ?" ಎಂದು ಕೇಳುತ್ತಾರೆ. "ಊಟಕ್ಕೆ ಹೋಗಿದಾರೆ ಅಂತೀನಿ. ಕಾರು ರೆಡಿ ಮಾಡಿ ಕೀ ಕೊಡೋವಾಗ, ಊಟ ಮುಗಿಸಿ ಬಂದೆ ನೋಡಿ ಅಂತೀನಿ!"

ನಗು ನಿಂತ ಮೇಲೆ ಅವರೇ ಇನ್ನೊಂದು ಮಾತು ತೆಗೆಯುತ್ತಾರೆ. "ಒಂಬತ್ತು ವರ್ಷದ ಹಿಂದೆ ಹೀಗೇ ಬಿಳಿ ಜಿಡ್ಡು ಕಂಡು, ಹಿಂದೆಮುಂದೆ ನೋಡದೆ ಎಂಜಿನ್ ಬಿಚ್ಚಿದೆ. ಒಳಗೆ ಏನೂ ಆಗಿರ್ಲಿಲ್ಲ ಸಾರ್. ತುಕ್ಕು ಹಿಡಿದ ಬೋಲ್ಟ್ ಎಳೆಯೋವಾಗ ನಾನೇ ಒಡೆದೆ. ಆ ಕಾರು ಮತ್ತೆ ಏಳ್ಲೇ ಇಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗೊತ್ತಿದ್ದೂ ಮೋಸ ಹೋದೆ. ಇದನ್ನೂ ಬರ್ಕೊಳ್ಳಿ." ಅಂದಿನಿಂದ ಅವರ ಗ್ಯಾರೇಜಿಗೆ ಒಂದೇ ಕಾನೂನು, ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಈಗ ರೇಡಿಯೇಟರಿಗೆ ಪಂಪು ಸಿಕ್ಕಿಸಿ ಒತ್ತಡ ಕೊಡುತ್ತಾರೆ. ಎಲ್ಲಾದರೂ ಸೋರಿಕೆಯಿದ್ದರೆ ಮೀಟರಿನ ಮುಳ್ಳು ಇಳಿಯಬೇಕು. ಅರ್ಧ ಗಂಟೆ ಮೂವರೂ ಕಣ್ಣು ಮಿಟುಕಿಸದೆ ನೋಡುತ್ತೇವೆ. ಮುಳ್ಳು ಕದಲುವುದಿಲ್ಲ.

"ನರ್ಸಮ್ಮ, ಕಾರು ಎಷ್ಟು ಓಡಿಸ್ತೀರಿ?"

"ಕಣ್ಣಿನ ಆಪರೇಷನ್ ಆದ್ಮೇಲೆ ರಸ್ತೆಗೇ ತೆಗೆದಿಲ್ಲ. ಆದ್ರೆ ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿಡ್ತೀನಮ್ಮ. ಒಂದು ದಿನಾನೂ ತಪ್ಸಿಲ್ಲ!"

ಅಕ್ಕ ಹಣೆ ಚಚ್ಚಿಕೊಂಡು ನಗುತ್ತಾರೆ. "ಅಲ್ಲೇ ಇರೋದು! ಐದು ನಿಮಿಷಕ್ಕೆ ಎಂಜಿನ್ ಬೆಚ್ಚಗಾಗುತ್ತೆ, ಚೆನ್ನಾಗಿ ಕಾಯಲ್ಲ. ಒಳಗಿನ ಹಬೆ ಹೊರಗೆ ಹೋಗದೆ, ಅನ್ನದ ಪಾತ್ರೆ ಮುಚ್ಚಳದ ಹಾಗೆ, ಮೇಲೇ ಬೆವರಿ, ಅಲ್ಲಿರೋ ಎಣ್ಣೆಗೆ ಸೇರಿ ಬಿಳಿ ಜಿಡ್ಡಾಗುತ್ತೆ."

"ಅಯ್ಯೋ, ಹಾಗಾದ್ರೆ ಕಾಯಿಲೆ ತಂದಿದ್ದು ನಾನೇನಾ?"

"ನೀವೇ. ಮುದ್ದು ಜಾಸ್ತಿ ಆಯ್ತು."

ಆದರೆ ಲೆಕ್ಕಾಚಾರ ಸಾಲದು, ಸಾಕ್ಷಿ ಬೇಕು. ಮುಚ್ಚಳ ಒರೆಸಿ, ಒಂದು ಗಂಟೆ ಓಡಿಸಿ, ಮತ್ತೆ ತೆರೆದು ನೋಡಬೇಕು; ಆಗ ಜಿಡ್ಡು ಇರಬಾರದು. ಊಹೆ ತಪ್ಪಿದರೆ ನಡುರಸ್ತೆಯಲ್ಲೇ ಎಂಜಿನ್ ಕಥೆ ಮುಗಿಯುತ್ತದೆ. "ನೀನೇ ಓಡ್ಸಮ್ಮ" ಎಂದು ನರ್ಸಮ್ಮ ಕೀ ಚಾಚುತ್ತಾರೆ. ಅಕ್ಕ ತೆಗೆದುಕೊಳ್ಳುವುದಿಲ್ಲ.

"ಡಾಕ್ಟ್ರು ಬೇಡ ಅಂದಿದಾರಾ?"

"ಓಡಿಸ್ಬಹುದು ಅಂತ ಹೇಳಿ ವರ್ಷ ಆಯ್ತು. ಭಯ ನಂದು."

"ಪಕ್ಕದಲ್ಲಿ ನಾನಿರ್ತೀನಿ, ಹತ್ತಿ."

ನಾನು ಹಿಂದಿನ ಸೀಟಿನಲ್ಲಿ. ಮೊದಲ ಹತ್ತು ನಿಮಿಷ ಸೈಕಲ್ಲೂ ನಮ್ಮನ್ನು ಹಿಂದೆ ಹಾಕುತ್ತದೆ. ಹೆದ್ದಾರಿ ಸಿಕ್ಕಿದ್ದೇ ತಡ, ನರ್ಸಮ್ಮನ ಬೆನ್ನು ನೆಟ್ಟಗಾಗುತ್ತದೆ. ಗೇರು ಬೀಳುತ್ತದೆ, ಗಾಳಿ ನುಗ್ಗುತ್ತದೆ, ಅಕ್ಕನ ಕಣ್ಣು ಮಾತ್ರ ಬಿಸಿ ತೋರಿಸುವ ಮುಳ್ಳಿನ ಮೇಲೆ. ಅದು ಅರ್ಧ ದಾಟದೆ ನಿಂತಿದೆ. ಅಬ್ಬಾ, ನನಗೆ ಕೂಗಬೇಕೆನಿಸುತ್ತದೆ!

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ವಾಪಸ್. ಗುಜರಿಯವನ ಲಾರಿ ಹಗ್ಗ ಬಿಚ್ಚಿಕೊಂಡು ಕಾದಿದೆ. ಅಕ್ಕ ಬಟ್ಟೆ ಹಿಡಿದು ಬಿಸಿ ಮುಚ್ಚಳ ತಿರುಗಿಸುತ್ತಾರೆ. ಒಳಗೆ ಹೊಳೆಯುವ ಎಣ್ಣೆ ಬಿಟ್ಟರೆ ಏನೂ ಇಲ್ಲ.

"ಬಂದ ದಾರಿಗೆ ಸುಂಕ ಇಲ್ಲ, ಹೊರಡಪ್ಪ" ಎಂದು ನರ್ಸಮ್ಮ ಲಾರಿಯವನಿಗೆ ಹೇಳುವಾಗ ಅವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಎಣ್ಣೆ ಬದಲಾಯಿಸಬೇಕು, ತಿಂಗಳಿಡೀ ರೇಡಿಯೇಟರ್ ನೀರಿನ ಮೇಲೆ ಕಣ್ಣಿಡಬೇಕು, ವಾರಕ್ಕೊಮ್ಮೆ ಒಂದು ಗಂಟೆ ಓಡಿಸಲೇಬೇಕು. ಇಷ್ಟೇ ಅಕ್ಕನ ಔಷಧಿ.

ಹೊರಡುವ ಮುನ್ನ, ನಿಮಗೇನು ಆಸೆ ಎಂದು ಕೇಳುತ್ತೇನೆ. ಅಕ್ಕ ಕೈಯೊರೆಸಿಕೊಳ್ಳುತ್ತಾರೆ.

"ಈ ಕಾರು ಇನ್ನು ನನ್ನ ಗ್ಯಾರೇಜಿಗೆ ಬರಬಾರ್ದು ಸಾರ್. ವಾರಕ್ಕೊಂದ್ಸಲ ಮುಂದಿನ ರಸ್ತೇಲಿ ಹಾರ್ನ್ ಹೊಡ್ಕೊಂಡು ಹೋಗ್ಬೇಕು. ನಾನು ಇನ್ಯಾವುದೋ ಕಾರಿನ ಕೆಳಗಿರ್ತೀನಿ. ಎದ್ದು ನೋಡೋದೂ ಬೇಡ, ಸದ್ದಲ್ಲೇ ಗೊತ್ತಾಗುತ್ತೆ."